ಸೈಕಲ್‌ಗೆ ಕಾರು ಗುದ್ದಿದೆ, ಪರಿಹಾರ ಸಿಗುತ್ತದಾ? ಅನುಭವ ಇರುವವರು ದಯವಿಟ್ಟು ಹೇಳಿ

ಕೇಳಿದವರು: ಮೈಸೂರಿನಿಂದ ಒಬ್ಬ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಗೆ 48 ವರ್ಷ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಸಣ್ಣ ವರ್ಕ್‌ಶಾಪ್ ಒಂದರಲ್ಲಿ ಫಿಟ್ಟರ್. ದಿನಾ ಸೈಕಲ್‌ನಲ್ಲೇ ಓಡಾಡುತ್ತಾರೆ. ಹೋದ ವಾರ ಬೆಳಗ್ಗೆ ಡ್ಯೂಟಿಗೆ ಹೋಗುವಾಗ ಹಿಂದಿನಿಂದ ಕಾರು ಗುದ್ದಿ, ಬಲಗಾಲು ಮಂಡಿಯ ಕೆಳಗೆ ಮುರಿದಿದೆ. ಆಪರೇಷನ್ ಮಾಡಿ ರಾಡ್ ಹಾಕಿದ್ದಾರೆ. ಕಾರಿನವರೇ ಆಸ್ಪತ್ರೆಗೆ ಸೇರಿಸಿ 20,000 ರೂಪಾಯಿ ಕೊಟ್ಟರು. ಈಗ, "ಇನ್ನೂ 15,000 ಕೊಡ್ತೀನಿ, ಕಂಪ್ಲೇಂಟ್ ಬೇಡ, ಈ ಪೇಪರ್‌ಗೆ ಸೈನ್ ಹಾಕಿ" ಅನ್ನುತ್ತಿದ್ದಾರೆ. ಸೈಕಲ್‌ಗೆ ಇನ್ಶೂರೆನ್ಸೂ ಇಲ್ಲ, ಲೈಸೆನ್ಸೂ ಇಲ್ಲ, ಕೋರ್ಟಿಗೆ ಹೋದರೆ ಏನೂ ಸಿಗಲ್ಲ ಅಂತಲೂ ಹೇಳಿದರು. ಅಪ್ಪ, "ಪಾಪ, ಆಸ್ಪತ್ರೆಗೆ ಸೇರಿಸಿದ್ದಾರಲ್ಲ, ಬಿಡು" ಅನ್ನುತ್ತಾರೆ. ನಮಗೆ ಕೋರ್ಟು ಕಚೇರಿ ಗೊತ್ತಿಲ್ಲ. ಏನು ಮಾಡೋದು?

ಹಾಸನದಿಂದ: ತಮ್ಮನ ಕೇಸು ನಡೆಸಿದ ಅಣ್ಣ

ತಂಗೀ, ಮೊದಲು ಆ ಪೇಪರ್‌ಗೆ ಯಾರೂ ಸಹಿ ಹಾಕಬೇಡಿ. ಉಳಿದದ್ದೆಲ್ಲ ಆಮೇಲೆ.

ನನ್ನ ತಮ್ಮನಿಗೂ ಹೀಗೇ ಆಗಿತ್ತು. ಹಾಲು ಹಾಕಿ ಸೈಕಲ್‌ನಲ್ಲಿ ವಾಪಸ್ ಬರುವಾಗ ಕಾರು ತಗುಲಿತು. ಕಾರಿನವರು ಒಳ್ಳೆಯವರೇ. ಆಸ್ಪತ್ರೆಗೆ ಬಂದರು, ಹಣ್ಣು ತಂದರು. ಅವರ ಮೇಲೆ ಕೇಸು ಹಾಕಲು ನಮ್ಮ ಮನೆಯಲ್ಲೂ ಯಾರಿಗೂ ಮನಸ್ಸಿರಲಿಲ್ಲ. ಆಗ ನಮ್ಮ ಪರಿಚಯದ ವಕೀಲರೊಬ್ಬರು, ಹಣ ಕೊಡುವುದು ಅವರಲ್ಲ, ಅವರ ಇನ್ಶೂರೆನ್ಸ್ ಕಂಪನಿ ಅಂತ ಬಿಡಿಸಿ ಹೇಳಿದರು. ರಸ್ತೆಗಿಳಿಯುವ ಪ್ರತಿ ಕಾರಿಗೂ ಥರ್ಡ್ ಪಾರ್ಟಿ ವಿಮೆ ಇರಲೇಬೇಕು ಅಂತ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಆ ಥರ್ಡ್ ಪಾರ್ಟಿ ಅಂದರೆ ನಿಮ್ಮ ತಂದೆಯಂಥವರೇ. ಕಾರಿನವರು ವರ್ಷ ವರ್ಷ ಪ್ರೀಮಿಯಂ ಕಟ್ಟಿರುವುದು ಇಂಥ ದಿನಕ್ಕೇ ಅಲ್ವಾ? ಅದನ್ನು ಅಪ್ಪನಿಗೆ ನಿಧಾನವಾಗಿ ಹೇಳಿ. ಕಾರಿನವರ ಮನೆ ಹಾಳು ಮಾಡುವ ಕೆಲಸ ಇದಲ್ಲ.

ಸೈಕಲ್‌ಗೆ ಲೈಸೆನ್ಸ್ ಇಲ್ಲ, ವಿಮೆ ಇಲ್ಲ ಅನ್ನುವುದು ಸುಮ್ನೆ ಹೆದರಿಸುವ ಮಾತು. ಸೈಕಲ್ ಮೋಟಾರು ವಾಹನವೇ ಅಲ್ಲ, ಅದಕ್ಕೆ ಎರಡೂ ಬೇಕಿಲ್ಲ. ಸೈಕಲ್ ಸವಾರರು ಹೆಲ್ಮೆಟ್ ಹಾಕಲೇಬೇಕು ಅಂತಲೂ ಕಾಯ್ದೆ ಹೇಳುವುದಿಲ್ಲ. ಹಾಕಿಕೊಂಡರೆ ತಲೆಗೆ ಒಳ್ಳೆಯದು, ಅದು ಬೇರೆ ಮಾತು.

ಕಾರಿನ ನಂಬರ್ ಗೊತ್ತಿದ್ದರೆ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ವಿಮೆ ಯಾವ ತಾರೀಖಿನವರೆಗೆ ಇದೆ ಅಂತ ಕಾಣುತ್ತದೆ. ಇವತ್ತೇ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ.

ಮಂಡ್ಯದಿಂದ: ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡುವ ನರ್ಸ್

ಕಾನೂನು ಗೊತ್ತಿರುವವರು ಕಾನೂನು ಹೇಳಲಿ. ನಾನು ಆಸ್ಪತ್ರೆಯ ಕಡೆಯಿಂದ ಒಂದೇ ವಿಷಯ ಹೇಳುತ್ತೇನೆ. ಇದು ತುಂಬಾ ಮುಖ್ಯ.

ಗಾಯಾಳು ಬಂದ ತಕ್ಷಣ ಕೇಸ್ ಶೀಟಿನಲ್ಲಿ ಒಂದು ಸಾಲು ಬರೆಯುತ್ತೇವೆ. "ಅಲೆಜ್ಡ್ ಹಿಸ್ಟರಿ ಆಫ್ ಆರ್‌ಟಿಎ" ಅಂತ ಶುರುವಾಗಿ, ಎಲ್ಲಿ, ಎಷ್ಟು ಹೊತ್ತಿಗೆ, ಏನು ಗುದ್ದಿತು ಅಂತ ಇರುತ್ತದೆ. ಆರ್‌ಟಿಎ ಅಂದರೆ ರಸ್ತೆ ಅಪಘಾತ. ಗಾಯಾಳುವಿಗೆ ಮಾತಾಡಲು ಆಗದಿದ್ದರೆ ಕರೆತಂದವರು ಹೇಳಿದ್ದನ್ನೇ ಬರೆಯುತ್ತೇವೆ. ಕರೆತಂದವರು ಕಾರಿನವರೇ ಆಗಿದ್ದರೆ ಎಷ್ಟೋ ಸಲ ಅಲ್ಲಿ "ಸೈಕಲ್‌ನಿಂದ ತಾನೇ ಬಿದ್ದದ್ದು" ಅಂತ ಬಂದುಬಿಡುತ್ತದೆ. ಆ ಹೊತ್ತಿನಲ್ಲಿ ಯಾರೂ ಗಮನಿಸುವುದಿಲ್ಲ. ಮುಂದೆ ಕೋರ್ಟಿನಲ್ಲಿ ಇನ್ಶೂರೆನ್ಸ್ ವಕೀಲರು ಮೊದಲು ತೆಗೆಯುವುದು ಅದೇ ಹಾಳೆ. ಸಾಕ್ಷಿ ಹೇಳಲು ಬಂದ ಡಾಕ್ಟರನ್ನು ಆ ಒಂದು ಸಾಲಿನ ಮೇಲೇ ಕೇಳುತ್ತಾ ಹೋಗುತ್ತಾರೆ.

ನಿಮ್ಮ ತಂದೆಯನ್ನು ಕಾರಿನವರೇ ಸೇರಿಸಿದ್ದು ಅಂದಿರಿ. ಹಾಗಾಗಿ ನಾಳೆಯೇ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಹೋಗಿ ಕೇಸ್ ಶೀಟಿನ ನಕಲು ಕೇಳಿ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸು) ನಂಬರ್ ಆಗಿದೆಯಾ, ಪೊಲೀಸ್ ಸ್ಟೇಷನ್‌ಗೆ ಮಾಹಿತಿ ಹೋಗಿದೆಯಾ ಅಂತಲೂ ಕೇಳಿ. ಆ ಸಾಲು ತಪ್ಪಾಗಿದ್ದರೆ ಹಾಳೆಯನ್ನು ತಿದ್ದಿಸಲು ಹೋಗಬೇಡಿ. ತಿದ್ದಿದ ದಾಖಲೆಯಿಂದ ಇನ್ನೂ ತೊಂದರೆ. ನಡೆದದ್ದು ಹೀಗೆ, ಬರೆಸಿದವರು ಇವರು ಅಂತ ಆಸ್ಪತ್ರೆಗೆ ಅರ್ಜಿ ಬರೆದು ಕೊಟ್ಟು, ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ. ತಂದೆಯವರು ಪೊಲೀಸರಿಗೆ ಕೊಡುವ ಹೇಳಿಕೆಯಲ್ಲೂ ಅದನ್ನೇ ಹೇಳಲಿ.

ಬೆಂಗಳೂರಿನಿಂದ: ಎಂವಿಸಿ (ವಾಹನ ಅಪಘಾತ ಪರಿಹಾರ) ಕೇಸು ನೋಡುವ ವಕೀಲರ ಕಚೇರಿಯ ಗುಮಾಸ್ತ

ನರ್ಸ್ ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಕಚೇರಿಗೆ ಬರುವ ಸೈಕಲ್ ಕೇಸುಗಳಲ್ಲಿ ಜಗಳವೆಲ್ಲ ಆ ಸಾಲಿನ ಮೇಲೆ, ಇಲ್ಲ ಎಫ್‌ಐಆರ್ ತಡವಾಗಿದ್ದರ ಮೇಲೆ.

ಈಗ ಕಂಪ್ಲೇಂಟ್ ವಿಷಯ. ವಾರ ಕಳೆಯಿತು ಅಂತ ಧೈರ್ಯಗೆಡಬೇಡಿ. ಎಫ್‌ಐಆರ್ ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಪರಿಹಾರದ ಅರ್ಜಿಯನ್ನು ತಳ್ಳಿಹಾಕಬಾರದು ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮನೆಯವರು ಮೊದಲು ಗಾಯಾಳುವನ್ನು ನೋಡಿಕೊಳ್ಳುತ್ತಾರೆ, ಆಮೇಲೆ ಸ್ಟೇಷನ್‌ಗೆ ಹೋಗುತ್ತಾರೆ, ಅದು ಸಹಜ ಅಂತ. ಆದರೆ ತಡವಾದ ಕಾರಣವನ್ನು ದೂರಿನಲ್ಲೇ ಬರೆಯಿರಿ. ಆಪರೇಷನ್ ಇತ್ತು, ಆಸ್ಪತ್ರೆಯಲ್ಲಿದ್ದೆವು ಅಂತ ನಿಜವನ್ನೇ ಬರೆದರೆ ಸಾಕು. ಅಪಘಾತ ಆದ ಜಾಗ ಯಾವ ಸ್ಟೇಷನ್‌ಗೆ ಸೇರುತ್ತದೋ ಅಲ್ಲಿ ದೂರು ಕೊಡಿ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಾಮಾನ್ಯವಾಗಿ 281 ಮತ್ತು 125ನೇ ಕಲಂ ಹಾಕುತ್ತಾರೆ. ದೂರು ಕೊಟ್ಟವರಿಗೆ ಎಫ್‌ಐಆರ್ ನಕಲು ಪುಕ್ಕಟೆ ಕೊಡಬೇಕು. ಸ್ಟೇಷನ್‌ನಲ್ಲಿ ದೂರು ತೆಗೆದುಕೊಳ್ಳದೆ ಇದ್ದರೆ ಎಸ್‌ಪಿಗೆ, ಮೈಸೂರು ನಗರವಾದರೆ ಕಮಿಷನರ್‌ಗೆ, ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ.

ಆಮೇಲೆ ಪೊಲೀಸರು ಮಹಜರು ಮಾಡುತ್ತಾರೆ, ಸ್ಕೆಚ್ ಹಾಕುತ್ತಾರೆ. ಆರ್‌ಟಿಒ ಇನ್‌ಸ್ಪೆಕ್ಟರ್ ಕಾರು ನೋಡಿ ಐಎಂವಿ ವರದಿ ಕೊಡುತ್ತಾರೆ. ಕೊನೆಗೆ ಆಸ್ಪತ್ರೆಯ ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ), ಚಾರ್ಜ್‌ಶೀಟ್. 2022ರ ಏಪ್ರಿಲ್‌ನಿಂದ ಬಂದ ಕೇಂದ್ರದ ನಿಯಮದ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿ, 90 ದಿನದೊಳಗೆ ಸವಿವರ ವರದಿಯನ್ನು ಅಪಘಾತ ಪರಿಹಾರದ ನ್ಯಾಯಮಂಡಳಿಗೆ ಕಳಿಸಬೇಕು. ಕಳಿಸಿದ್ದಾರಾ ಅಂತ ಬಾಯಿ ಬಿಟ್ಟು ಕೇಳಿ. ಕೇಳಿದರೆ ಕೆಲಸ ಬೇಗ ಆಗುತ್ತದೆ.

ಪರಿಹಾರದ ಅರ್ಜಿ ಹಾಕುವುದು ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಕೆಳಗೆ. ಅಪಘಾತ ಆದ ಊರಲ್ಲೇ ಹಾಕಬೇಕು ಅಂತೇನಿಲ್ಲ. ಗಾಯಾಳು ಇರುವ ಊರಲ್ಲೂ ಹಾಕಬಹುದು. ಅರ್ಜಿಗೆ ಆರು ತಿಂಗಳ ಗಡುವು 2019ರ ತಿದ್ದುಪಡಿಯಲ್ಲಿ ಬಂದು, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ಆದರೆ ಅದನ್ನು ನಂಬಿಕೊಂಡು ಕೂರಬೇಡಿ, ಆರು ತಿಂಗಳ ಒಳಗೇ ಹಾಕಿ.

ಇನ್ನೊಂದು ದಾರಿ ಅದೇ ಕಾಯ್ದೆಯ 164ನೇ ಕಲಂ. ತಪ್ಪು ಯಾರದು ಅಂತ ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ, ಸಾವಿಗೆ ಐದು ಲಕ್ಷ. ಮೂಳೆ ಮುರಿದರೆ ಅದು ತೀವ್ರ ಗಾಯವೇ. ಆದರೆ ಆ ಹಣ ಒಪ್ಪಿಕೊಂಡರೆ 166ರ ಅರ್ಜಿ ಅಲ್ಲಿಗೆ ಮುಗಿಯುತ್ತದೆ. ಹಿಂದಿನಿಂದ ಗುದ್ದಿದ ಕೇಸಿನಲ್ಲಿ, ದುಡಿಯುವ ವಯಸ್ಸಿನವರಿಗೆ, ಲೆಕ್ಕ ಹಾಕದೆ ಅದನ್ನು ಒಪ್ಪಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಫೀಸಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಆಸ್ಪತ್ರೆ ಬಾಗಿಲಲ್ಲೇ ಬಂದು "ನೀವು ಏನೂ ಕೊಡಬೇಡಿ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ನಮಗೆ" ಅನ್ನುವವರಿದ್ದಾರೆ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ವಕೀಲರು ಪರಿಹಾರದಲ್ಲಿ ಪಾಲು ಕೇಳುವ ಹಾಗಿಲ್ಲ, ಕೇಸು ಹುಡುಕಿಕೊಂಡು ಬರುವ ಹಾಗೂ ಇಲ್ಲ. ಫೀಸು ಎಷ್ಟು ಅಂತ ಮೊದಲೇ ಮಾತಾಡಿ ಬರೆಸಿಕೊಳ್ಳಿ. ಖಾಲಿ ಹಾಳೆಗೆ, ಖಾಲಿ ಚೆಕ್‌ಗೆ ಸಹಿ ಬೇಡ. ಪರಿಹಾರದ ಹಣ ತಂದೆಯವರ ಖಾತೆಗೇ ಬರಲಿ.

ದುಡ್ಡಿಲ್ಲದಿದ್ದರೆ ಕೋರ್ಟ್ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಕಡಿಮೆ ವರಮಾನದವರಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಬೆಂಗಳೂರಿನಿಂದ: ದಿನಾ ಸೈಕಲ್‌ನಲ್ಲಿ ಆಫೀಸಿಗೆ ಹೋಗುವವರು

ನನಗೆ ಗುದ್ದಿದ್ದು ನಿಂತಿದ್ದ ಕಾರಿನ ಬಾಗಿಲು. ಒಳಗಿದ್ದವರು ಹಿಂದೆ ನೋಡದೆ ತೆರೆದರು, ಕಾಲರ್ ಬೋನ್ ಮುರಿಯಿತು. ಕಾರು ಓಡುತ್ತಲೇ ಇರಲಿಲ್ಲ, ಹಾಗಾಗಿ ಅಪಘಾತವೇ ಅಲ್ಲ ಅಂತ ವಾದ ಮಾಡಿದರು. ನಿಂತ ವಾಹನದಿಂದ ಆದದ್ದೂ ವಾಹನದ ಬಳಕೆಯಿಂದ ಆದದ್ದೇ ಅಂತ ಸುಪ್ರೀಂ ಕೋರ್ಟ್ 1991ರಷ್ಟು ಹಿಂದೆಯೇ ಹೇಳಿದೆ ಅಂತ ನಮ್ಮ ವಕೀಲರು ತೋರಿಸಿದರು, ನ್ಯಾಯಮಂಡಳಿ ಒಪ್ಪಿತು. ಬಾಗಿಲು ಬಡಿದವರು ಸುಮ್ಮನಾಗಬೇಡಿ.

ನನ್ನ ಕೇಸು ಉಳಿಸಿದ್ದು ಎದುರಿನ ಬೇಕರಿಯ ಸಿಸಿಟಿವಿ. ಅಂಗಡಿಗಳಲ್ಲಿ ಹಳೆಯ ರೆಕಾರ್ಡಿಂಗ್ ಬೇಗ ಅಳಿಸಿಹೋಗುತ್ತದೆ. ಇವತ್ತೇ ಯಾರನ್ನಾದರೂ ಆ ರಸ್ತೆಗೆ ಕಳಿಸಿ, ಪೆಟ್ರೋಲ್ ಬಂಕ್, ಟೀ ಅಂಗಡಿ, ಎಟಿಎಂ ಎಲ್ಲ ಕಡೆ ಕೇಳಿಸಿ. ಕ್ಯಾಮೆರಾ ಎಲ್ಲೆಲ್ಲಿದೆ ಅಂತ ದೂರಿನಲ್ಲೇ ಬರೆದರೆ ಪೊಲೀಸರೂ ಕೇಳುತ್ತಾರೆ.

ಹಾವೇರಿಯಿಂದ ಒಬ್ಬರು

ನಮ್ಮ ಮಾವನವರಿಗೆ ಗುದ್ದಿದ ಗಾಡಿ ನಿಲ್ಲಿಸದೆ ಹೋಯಿತು, ನಂಬರೂ ಸಿಗಲಿಲ್ಲ. ಅಂಥವರಿಗೂ ಪರಿಹಾರ ಉಂಟು. 2022ರಿಂದ ತೀವ್ರ ಗಾಯಕ್ಕೆ 50,000, ಸಾವಿಗೆ ಎರಡು ಲಕ್ಷ. ಅರ್ಜಿ ಹೋಗುವುದು ಕೋರ್ಟಿಗಲ್ಲ, ತಹಶೀಲ್ದಾರರ ಇಲ್ಲವೇ ಉಪವಿಭಾಗಾಧಿಕಾರಿಗಳ ಕಡೆಗೆ. ನಾವು ಕೇಳುವ ತನಕ ಯಾರೂ ಹೇಳಿರಲಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಮಂಡ್ಯದ ನರ್ಸ್ ಮತ್ತೆ

ಹೊಸದಾಗಿ ಅಪಘಾತ ಆದವರಿಗೆ ಒಂದು ಮಾತು. 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ ಇದೆ. ನಿಗದಿಯಾದ ಆಸ್ಪತ್ರೆಯಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷದವರೆಗೆ. ನಮ್ಮ ರಾಜ್ಯದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ 2016ರಲ್ಲೇ ಶುರುವಾಗಿತ್ತು, ಮೊದಲ 48 ಗಂಟೆಯ ಚಿಕಿತ್ಸೆಗೆ 25,000ದವರೆಗೆ ಕೊಡುತ್ತಿದ್ದರು; ಈಗಲೂ ಇದೆಯಾ ಅಂತ ವಿಚಾರಿಸಿ. ಸೇರಿಸುವಾಗಲೇ ಎರಡನ್ನೂ ಕೇಳಿ. ಬಿಲ್ ಕಟ್ಟಿದ ಮೇಲೆ ಕೇಳಿದರೆ ಕಷ್ಟ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೇಸ್ ಶೀಟ್ ನೋಡಿದೆ, ಆರ್‌ಟಿಎ ಅಂತಲೇ ಇದೆ. ಎಂಎಲ್‌ಸಿ ಕೂಡ ಆಗಿದೆ. ಕಾರಿನ ವಿಮೆ ಚಾಲ್ತಿಯಲ್ಲಿದೆ. ಅಪ್ಪನಿಗೆ ವಿಮೆಯ ವಿಷಯ ಬಿಡಿಸಿ ಹೇಳಿದ ಮೇಲೆ ಒಪ್ಪಿದರು, ದೂರು ಕೊಟ್ಟೆವು. ಎಷ್ಟು ಸಿಗಬಹುದು ಅಂತ ಹೇಗೆ ಲೆಕ್ಕ ಹಾಕುತ್ತಾರೆ? ಆ 20,000 ವಾಪಸ್ ಕೊಡಬೇಕಾ? ಸೈಕಲ್ ತಮ್ಮನಿಗೆ ಬೇಕು, ರಿಪೇರಿ ಮಾಡಿಸಬಹುದಾ?

ವಕೀಲರ ಕಚೇರಿಯ ಗುಮಾಸ್ತ

20,000 ತೆಗೆದುಕೊಂಡದ್ದನ್ನು ಮುಚ್ಚಿಡಬೇಡಿ. ವಕೀಲರಿಗೂ ಹೇಳಿ, ಕೇಳಿದರೆ ಕೋರ್ಟಿಗೂ ಹೇಳಿ. ಅದು ಆಸ್ಪತ್ರೆ ಖರ್ಚಿಗೆ ಬಂದ ಸಹಾಯ, ಅದರಿಂದ ನಿಮ್ಮ ಹಕ್ಕು ಹೋಗುವುದಿಲ್ಲ.

ಲೆಕ್ಕದ ದೊಡ್ಡ ಭಾಗ ಮುಂದಿನ ದುಡಿಮೆಯ ನಷ್ಟ. ತಿಂಗಳಿಗೆ 16,000 ಆದಾಯ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 1,92,000. 46ರಿಂದ 50 ವಯಸ್ಸಿಗೆ ಗುಣಕ (ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ) 13 ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ಗೊತ್ತು ಮಾಡಿದೆ. ದುಡಿಯುವ ಶಕ್ತಿ ನೂರಕ್ಕೆ 15 ಕಡಿಮೆಯಾಗಿದೆ ಅಂತ ಕೋರ್ಟ್ ಒಪ್ಪಿದರೆ 3,74,400 ರೂಪಾಯಿ. ಇದರ ಮೇಲೆ ಆಸ್ಪತ್ರೆ ಬಿಲ್ಲು, ನೋವು ಸಂಕಟ, ಕೆಲಸಕ್ಕೆ ಹೋಗದ ತಿಂಗಳುಗಳ ಸಂಬಳ, ನೋಡಿಕೊಂಡವರ ಖರ್ಚು, ಆಟೊ ಬಾಡಿಗೆ, ಮುಂದೆ ರಾಡ್ ತೆಗೆಸುವ ಆಪರೇಷನ್ ಖರ್ಚು, ಎಲ್ಲ ಬೇರೆ ಬೇರೆ. ಅರ್ಜಿ ಹಾಕಿದ ದಿನದಿಂದ ಬಡ್ಡಿಯೂ ಉಂಟು. 35,000ಕ್ಕೆ ಸಹಿ ಹಾಕಿದ್ದರೆ ಏನೇನು ಬಿಟ್ಟುಕೊಟ್ಟಂತಾಗುತ್ತಿತ್ತು ನೋಡಿ.

ಆ ಪರ್ಸೆಂಟ್ ಹೇಗೆ ಬರುತ್ತದೆ ಅನ್ನುವುದು ಗೊತ್ತಿರಲಿ. ಡಾಕ್ಟರ್ ಕಾಲಿಗೆ ಇಷ್ಟು ಅಂತ ಕೊಡುತ್ತಾರೆ. ನಮ್ಮ ಕಡೆಯ ಕೋರ್ಟುಗಳು ಸಾಮಾನ್ಯವಾಗಿ ಅದರ ಮೂರರಲ್ಲಿ ಒಂದು ಭಾಗವನ್ನು ಇಡೀ ದೇಹಕ್ಕೆ ಹಿಡಿಯುತ್ತವೆ. ಆದರೆ ದೇಹದ ಊನವೇ ಬೇರೆ, ದುಡಿಮೆಗೆ ಆಗುವ ನಷ್ಟವೇ ಬೇರೆ ಅಂತ ಸುಪ್ರೀಂ ಕೋರ್ಟಿನ 2010ರ ರಾಜ್ ಕುಮಾರ್ ತೀರ್ಪು ಹೇಳುತ್ತದೆ. ಅದೇ ಕಾಲು ನೋವು ಕುರ್ಚಿಯಲ್ಲಿ ಕೂರುವವರಿಗೆ ಒಂದು ಥರ, ದಿನವಿಡೀ ನಿಂತು ಕೆಲಸ ಮಾಡುವ ಫಿಟ್ಟರ್‌ಗೆ ಇನ್ನೊಂದು ಥರ. ಅವರು ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ಭಾರ ಎತ್ತಬೇಕು ಅಂತ ವರ್ಕ್‌ಶಾಪ್ ಮಾಲೀಕರಿಂದ ಪತ್ರ ಬರೆಸಿ. ಆಗುವುದಾದರೆ ಅವರನ್ನೇ ಸಾಕ್ಷಿಗೆ ಕರೆಸಿ. ಸಂಬಳ ಕೈಗೆ ಕೊಡುತ್ತಿದ್ದರೂ ಹಾಜರಿ ಪುಸ್ತಕ ಇರುತ್ತದಲ್ಲ, ಅದರ ನಕಲು ಬೇಕು. ಇಎಸ್‌ಐ ಕಾರ್ಡ್ ಇದ್ದರೆ ವಕೀಲರಿಗೆ ಮೊದಲೇ ಹೇಳಿ. ಕೆಲಸಕ್ಕೆ ಹೋಗುವ ದಾರಿಯ ಅಪಘಾತವನ್ನೂ ಕೆಲಸದ ಗಾಯವಾಗಿ ನೋಡುವ ಕಲಂ 2010ರಲ್ಲೇ ಇಎಸ್‌ಐ ಕಾನೂನಿಗೆ ಬಂದಿದೆ.

ಲೋಕ ಅದಾಲತ್‌ಗೆ ಬನ್ನಿ ಅಂತ ವಿಮೆಯವರು ಕರೆಯಬಹುದು. ಬೇಗ ಮುಗಿಯುತ್ತದೆ, ನಿಜ. ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಡಾಕ್ಟರ್ ಊನದ ಪ್ರಮಾಣ ಹೇಳುವ ಮೊದಲು ಮೊತ್ತಕ್ಕೆ ಹೂಂ ಅನ್ನಬೇಡಿ.

ಬೆಂಗಳೂರಿನ ಸೈಕಲ್ ಸವಾರರು

ಸೈಕಲ್ ಬಗ್ಗೆ ನಾನು ಹೇಳುತ್ತೇನೆ. ಮಹಜರು ಆಗುವವರೆಗೆ ಮುಟ್ಟಬೇಡಿ. ಆಮೇಲೆ ಪೊಲೀಸರನ್ನು ಕೇಳಿಕೊಂಡು, ಎಲ್ಲ ಕಡೆಯಿಂದ ಫೋಟೊ ತೆಗೆದು ರಿಪೇರಿಗೆ ಕೊಡಿ, ಬಿಲ್ ಇಸಿದುಕೊಳ್ಳಿ. ಸೈಕಲ್‌ಗೆ ಆದ ನಷ್ಟವನ್ನೂ ಅರ್ಜಿಯಲ್ಲಿ ಕೇಳಬಹುದು. ಬೆಂಡಾದ ಹಿಂದಿನ ರಿಮ್ಮನ್ನೂ ಮಡ್‌ಗಾರ್ಡನ್ನೂ ಗುಜರಿಗೆ ಹಾಕಬೇಡಿ. "ಅವರೇ ಅಡ್ಡ ಬಂದರು" ಅಂತ ಆ ಕಡೆಯವರು ಹೇಳಿದರೆ, ಗುದ್ದಿದ್ದು ಹಿಂದಿನಿಂದ ಅಂತ ತೋರಿಸಲು ಅದೇ ಬೇಕಾಗುತ್ತದೆ.