ಇಂಜಿನ್ ಆಯಿಲ್ ಬೇಡದ ಟರ್ಬೊ: ಹಾಕಬಹುದಾ?

ಪ್ರಶ್ನೆ: ನಮಸ್ಕಾರ ಸರ್. 2 ಲೀಟರ್‌ನ ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್ ಬಿಲ್ಡ್ ಮಾಡುತ್ತಿದ್ದೇನೆ. ಮೇಲೆ ಜಾಗವೇ ಇಲ್ಲ, ಟರ್ಬೊ ತುಂಬಾ ಕೆಳಗೆ ಕೂರುತ್ತಿದೆ. ಆಯಿಲ್ ಡ್ರೈನ್ ಇಂಜಿನ್ ತಳದ ಆಯಿಲ್ ತೊಟ್ಟಿ, ಅಂದರೆ ಸಂಪ್‌ನ ಆಯಿಲ್ ಮಟ್ಟಕ್ಕಿಂತ ಕೆಳಗೆ ಹೋಗುತ್ತದೆ. ಆಯಿಲ್ ಲೈನ್ ಬೇಡದ ಟರ್ಬೊ ಹಾಕಲಾ? ಪವರ್ ಕೂಡ ಜಾಸ್ತಿ ಸಿಗುತ್ತದೆ ಅಂತಾರೆ, ನಿಜಾನಾ?

ಉತ್ತರ: ಜಾಗದ ಕಾರಣ ಸರಿಯಾಗಿದೆ. ಪವರ್ ನಂಬಿಕೊಂಡು ಮಾತ್ರ ದುಡ್ಡು ಹಾಕಬೇಡಿ.

ಟರ್ಬೊದಲ್ಲಿ ಒಂದೇ ಶಾಫ್ಟ್‌ಗೆ ಎರಡು ಚಕ್ರ: ಇಂಜಿನ್ನಿನ ಹೊಗೆ ಟರ್ಬೈನನ್ನು ತಿರುಗಿಸುತ್ತದೆ, ಅದರ ಜೊತೆ ತಿರುಗುವ ಕಂಪ್ರೆಸರ್ ಇಂಜಿನ್‌ಗೆ ಗಾಳಿ ಒತ್ತುತ್ತದೆ. ಮಾಮೂಲಿ ಟರ್ಬೊಗೆ ಆಯಿಲ್ ಒತ್ತಡದಲ್ಲಿ ಬರುತ್ತದೆ. ಹೊರಗೆ ಹೋಗುವಾಗ ಒತ್ತಡ ಇರುವುದಿಲ್ಲ, ನೊರೆ ನೊರೆಯಾಗಿ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಡ್ರೈನ್ ಪೈಪ್ ಸಣ್ಣದಿದ್ದರೆ ಅಥವಾ ನಿಮ್ಮ ಹಾಗೆ ತೀರಾ ಕೆಳಗಿದ್ದರೆ ಆಯಿಲ್ ಒಳಗೇ ನಿಲ್ಲುತ್ತದೆ. ಶಾಫ್ಟ್ ಸೀಲ್ ಅಂದರೆ ಅಲ್ಲಿರುವುದು ಪಿಸ್ಟನ್ ರಿಂಗ್ ಥರದ ಸಣ್ಣ ಉಕ್ಕಿನ ಬಳೆ, ರಬ್ಬರ್ ಅಲ್ಲ. ನಿಂತ ಆಯಿಲನ್ನು ಅದು ತಡೆಯುವುದಿಲ್ಲ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಶುರು. ಎಷ್ಟೋ ಜನ ಸುಮ್ನೆ ಟರ್ಬೊ ಬದಲಾಯಿಸುತ್ತಾರೆ, ತೊಂದರೆ ಇರುವುದು ಡ್ರೈನ್‌ನಲ್ಲಿ.

ಇನ್ನು ಆಯಿಲ್ ಬೇಡ ಅಂದರೆ ಇಂಜಿನ್ನಿನ ಆಯಿಲ್ ಬೇಡ ಅಂತ ಅಷ್ಟೇ. ಕಾರುಗಳಿಗೆ ಸಿಗುವ ಬಹಳಷ್ಟು ಇಂಥ ಟರ್ಬೊಗಳಲ್ಲಿ ಸೆರಾಮಿಕ್ ಬಾಲ್ ಬೇರಿಂಗ್ ಇದ್ದು, ಒಳಗೆ ಗ್ರೀಸ್ ತುಂಬಿರುತ್ತದೆ. ಸಿಲಿಕಾನ್ ನೈಟ್ರೈಡ್ ಗುಂಡುಗಳ ತೂಕ ಉಕ್ಕಿನದಕ್ಕೆ ಹೋಲಿಸಿದರೆ ಸುಮಾರು 40 ಪರ್ಸೆಂಟ್. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಶಾಫ್ಟ್‌ನಲ್ಲಿ ಇದು ದೊಡ್ಡ ಉಪಕಾರ. ಏರೋಚಾರ್ಜರ್ ಅನ್ನುವ ಟರ್ಬೊ ಥರದವುಗಳಲ್ಲಿ ಟರ್ಬೊ ಒಳಗೇ ಪುಟ್ಟ ಆಯಿಲ್ ತೊಟ್ಟಿ, ಬತ್ತಿಯಿಂದ ಬೇರಿಂಗ್‌ಗೆ ಆಯಿಲ್. ಅದಕ್ಕೆ ಆಗಾಗ ಆಯಿಲ್ ಹಾಕುತ್ತಿರಬೇಕು.

ಪವರ್ ನಿರ್ಧಾರ ಆಗುವುದು ಕಂಪ್ರೆಸರ್ ಮತ್ತು ಟರ್ಬೈನ್ ಅಳತೆಯಿಂದ. ಬಾಲ್ ಬೇರಿಂಗ್‌ನಲ್ಲಿ ಬೂಸ್ಟ್, ಅಂದರೆ ಟರ್ಬೊ ಕೊಡುವ ಗಾಳಿಯ ಒತ್ತಡ, ಸ್ವಲ್ಪ ಬೇಗ ಬರುತ್ತದೆ, ನಿಜ. ಆದರೆ ಆಯಿಲ್ ಹಾಯುವ ಬಾಲ್ ಬೇರಿಂಗ್ ಟರ್ಬೊದಲ್ಲೂ ಅದು ಸಿಗುತ್ತದೆ, ಅಲ್ವಾ?

ಮತ್ತೊಬ್ಬರು: ಗ್ರೀಸ್ ಆ ಬಿಸಿಗೆ ಉರಿದು ಹೋಗಲ್ವಾ ಸರ್?

ಉತ್ತರ: ಈ ಟರ್ಬೊದ ಆಯಸ್ಸೆಲ್ಲ ಇದರ ಮೇಲೇ ನಿಂತಿದೆ. ಪೆಟ್ರೋಲ್ ಇಂಜಿನ್‌ನಲ್ಲಿ ಟರ್ಬೈನ್‌ಗೆ ಬರುವ ಗ್ಯಾಸ್ 950 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಮಾಮೂಲು. ಆಯಿಲ್ ಬರೀ ಜಾರಿಸುವ ಕೆಲಸ ಮಾಡುವುದಿಲ್ಲ, ಬೇರಿಂಗ್‌ನ ಬಿಸಿಯನ್ನೂ ಹೊತ್ತೊಯ್ಯುತ್ತದೆ. ಗ್ರೀಸ್ ಇದ್ದಲ್ಲೇ ಇರುತ್ತದೆ. ಹಾಗಾಗಿ ಬಿಸಿ ತೆಗೆಯಲು ಕೂಲೆಂಟ್ ಬೇಕು.

ಹೆಚ್ಚು ಅಪಾಯ ಗಾಡಿ ಆಫ್ ಮಾಡಿದ ಮೇಲೆ. ವಾಟರ್ ಪಂಪ್ ನಿಂತಿರುತ್ತದೆ. ಕೆಂಡವಾದ ಟರ್ಬೈನ್ ಹೌಸಿಂಗ್‌ನ ಬಿಸಿ ನಿಧಾನಕ್ಕೆ ಬೇರಿಂಗ್ ಕಡೆ ಬರುತ್ತದೆ. ಕೂಲೆಂಟ್ ಲೈನನ್ನು ಕೆಳಗಿನಿಂದ ಒಳಗೆ, ಮೇಲಿನಿಂದ ಹೊರಗೆ ಕೊಡಿ. ಹೊರಗೆ ಹೋಗುವ ಪೈಪ್ ಎಲ್ಲೂ ಕೆಳಗೆ ಬಾಗದೆ ಏರುತ್ತಲೇ ಹೋಗಲಿ. ಆಗ ಬಿಸಿ ನೀರು ತಾನಾಗಿ ಮೇಲಕ್ಕೆ ಹೋಗಿ ತಣ್ಣೀರು ಎಳೆದುಕೊಳ್ಳುತ್ತದೆ. ದಯವಿಟ್ಟು ಇದನ್ನು ಕಡೆಗಣಿಸಬೇಡಿ.

ಇನ್ನೊಬ್ಬರು: ಗಾಳಿಯ ಮೇಲೇ ತಿರುಗುವ ಬೇರಿಂಗ್ ಇದೆಯಂತಲ್ಲ?

ಉತ್ತರ: ಇದೆ, ಫಾಯಿಲ್ ಬೇರಿಂಗ್. ತೆಳು ಲೋಹದ ಹಾಳೆಯ ಮೇಲೆ ಶಾಫ್ಟ್ ಜೋರಾಗಿ ತಿರುಗಿದಾಗ ನಡುವೆ ಗಾಳಿಯ ಪದರ ಹುಟ್ಟಿ ಶಾಫ್ಟ್ ತೇಲುತ್ತದೆ. ನಾಸಾ ಮತ್ತು ಜೊತೆಗಾರ ಕಂಪನಿಗಳು 1999ರಲ್ಲೇ ಲಾರಿ ಡೀಸೆಲ್ ಟರ್ಬೊ ಒಂದನ್ನು ಹೀಗೆ 95,000 ಆರ್‌ಪಿಎಂವರೆಗೆ ಓಡಿಸಿದ್ದವು. ಸ್ಟಾರ್ಟ್ ಆಗುವಾಗ, ನಿಲ್ಲುವಾಗ ಹಾಳೆ ಉಜ್ಜುತ್ತದೆ. ಬೂಸ್ಟ್ ಏರಿದಾಗ ಶಾಫ್ಟ್ ಉದ್ದಕ್ಕೆ ಬೀಳುವ ತಳ್ಳುವಿಕೆಯನ್ನು ತಡೆಯುವುದೂ ಅದಕ್ಕೆ ಕಷ್ಟ. ಹೈಡ್ರೋಜನ್‌ನಿಂದ ಕರೆಂಟ್ ಮಾಡಿಕೊಂಡು ಓಡುವ ಫ್ಯೂಯಲ್ ಸೆಲ್ ಗಾಡಿಗಳ ಕಂಪ್ರೆಸರ್‌ನಲ್ಲಿ ಚೆನ್ನಾಗಿ ನಡೆಯುತ್ತಿದೆ. ನಿಮ್ಮ ಬಿಲ್ಡ್‌ಗೆ ಅದನ್ನು ಯೋಚಿಸಬೇಡಿ.

ಮೊದಲು ಕೇಳಿದವರು: ಹಾಗಾದರೆ ನಾನೇನು ಮಾಡಲಿ ಸರ್? ಟ್ರ್ಯಾಕ್‌ನಲ್ಲಿ ಒಮ್ಮೆಗೆ ಅರ್ಧ ಗಂಟೆ ಓಡಿಸುತ್ತೇನೆ.

ಉತ್ತರ: ಅರ್ಧ ಗಂಟೆ ಒಂದೇ ಸಮ ಲೋಡ್ ಅಂದರೆ ನಾನು ಮಾಮೂಲಿ ಬಾಲ್ ಬೇರಿಂಗ್ ಟರ್ಬೊ ಹಾಕಿ, ಡ್ರೈನ್‌ಗೆ ಆಯಿಲನ್ನು ಎಳೆದು ಸಂಪ್‌ಗೆ ವಾಪಸ್ ತಳ್ಳುವ ಸ್ಕ್ಯಾವೆಂಜ್ ಪಂಪ್ ಕೊಡುತ್ತೇನೆ. ಪಂಪ್ ನಿಂತರೆ ಗೊತ್ತಾಗುವಂತೆ ಡ್ಯಾಶ್‌ನಲ್ಲಿ ಒಂದು ಲೈಟ್ ಇರಲಿ. ನೇರ ದಾರಿಯಲ್ಲಿ ಸ್ವಲ್ಪ ದೂರ ಮಾತ್ರ ಓಡುವ ಡ್ರ್ಯಾಗ್ ರೇಸ್ ಗಾಡಿಯಾಗಿದ್ದರೆ ಗ್ರೀಸ್ ಟರ್ಬೊಗೇ ಹೂಂ ಅನ್ನುತ್ತಿದ್ದೆ. ಅಲ್ಲಿ ಓಟ ಕೆಲವೇ ಸೆಕೆಂಡು, ಆಮೇಲೆ ತಣಿಯಲು ಸಮಯ ಸಿಗುತ್ತದೆ.

ಆದರೂ ಗ್ರೀಸಿನದ್ದೇ ಬೇಕು ಅಂದರೆ, ಪ್ರತಿ ಓಟದ ಮುಂಚೆ ಇಂಜಿನ್ ತಣ್ಣಗಿರುವಾಗ ಇಂಟೇಕ್ ಪೈಪ್ ಬಿಚ್ಚಿ ಕಂಪ್ರೆಸರ್ ಚಕ್ರವನ್ನು ಬೆರಳಿನಿಂದ ತಿರುಗಿಸಿ. ಮರಳು ಸಿಕ್ಕಿದ ಹಾಗೆ ಗರಗರ ಅಂದರೆ ಅಥವಾ ಚಕ್ರ ಹೌಸಿಂಗ್‌ಗೆ ತಾಗಿದರೆ ಅವತ್ತು ಗಾಡಿ ಸ್ಟಾರ್ಟ್ ಮಾಡಬೇಡಿ. ಬೇರಿಂಗ್ ಬದಲಾಯಿಸಿಯೇ ಟ್ರ್ಯಾಕ್‌ಗೆ ಇಳಿಯಿರಿ.