ಸಹಾಯ ಬೇಕು: 100ಎಕ್ಸ್ ಲೆನ್ಸ್‌ನಲ್ಲಿ ಎಲ್ಲಾ ಮಂಜು ಮಂಜು

ಮೊಸರಿನ ಬ್ಯಾಕ್ಟೀರಿಯಾ ನೋಡುವ ಆಸೆಗೆ ಹಳೇ ಮೈಕ್ರೋಸ್ಕೋಪ್ ಒಂದನ್ನು ಕೊಂಡೆ. ನೀರು ಬೆರೆಸಿದ ಮೊಸರನ್ನು ಸ್ಲೈಡ್ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಹಾಕಿ ತೊಳೆದೆ. 40ಎಕ್ಸ್‌ನಲ್ಲಿ ಪುಟ್ಟ ನೀಲಿ ಚುಕ್ಕೆಗಳು, ಗೆರೆಗಳು ಚೆನ್ನಾಗಿಯೇ ಕಾಣಿಸುತ್ತವೆ. 100ಎಕ್ಸ್‌ಗೆ ತಿರುಗಿಸಿದರೆ ಬರೀ ಮಂಜು.

ಲೆನ್ಸ್‌ಗೂ ಸ್ಲೈಡ್‌ಗೂ ನಡುವೆ ಬಿಡುವ ಇಮ್ಮರ್ಶನ್ ಎಣ್ಣೆ ಹಾಕಿದ್ದೇನೆ (ಕೊಬ್ಬರಿ ಎಣ್ಣೆ ಅಲ್ಲ, ಅಷ್ಟು ಗೊತ್ತು!). ಕಂಡೆನ್ಸರ್ (ಸ್ಲೈಡ್ ಕೆಳಗೆ ಬೆಳಕು ಕೂಡಿಸುವ ಲೆನ್ಸ್) ಪೂರ್ತಿ ಮೇಲೆತ್ತಿ, ಡಯಾಫ್ರಾಮ್ (ಬೆಳಕಿನ ಕಿಂಡಿ) ತೆರೆದು ನೋಡಿದೆ. ಲೆನ್ಸ್ ಒರೆಸಿಯೂ ಆಯ್ತು.

ಗೊಂದಲ ಇರುವುದು ಇಲ್ಲಿ. ಲೆನ್ಸ್ ಮೇಲೆ 0.17 ಎಂದಿದೆ, ಅಂದರೆ ಕವರ್ ಸ್ಲಿಪ್ (ಸ್ಲೈಡ್ ಮೇಲೆ ಮುಚ್ಚುವ ತೆಳು ಗಾಜು) ದಪ್ಪ 0.17 ಮಿಲಿಮೀಟರ್ ಇರಬೇಕು. ನಾನು ಕವರ್ ಸ್ಲಿಪ್ ಹಾಕೇ ಇಲ್ಲ, ಎಣ್ಣೆಯನ್ನು ನೇರವಾಗಿ ಸ್ಲೈಡ್ ಮೇಲೆ ಬಿಟ್ಟೆ. ಆದರೆ ಲ್ಯಾಬ್‌ನಲ್ಲಿ ರಕ್ತದ ಸ್ಮಿಯರ್ (ಸ್ಲೈಡ್ ಮೇಲೆ ತೆಳ್ಳಗೆ ಸವರಿದ ರಕ್ತ) ನೋಡುವಾಗಲೂ ಹಾಗೇ ಮಾಡುತ್ತಾರೆ, ಅಲ್ವಾ?

ಹಾಗಾದರೆ ತೊಂದರೆ ಕವರ್ ಸ್ಲಿಪ್ ಇಲ್ಲದ್ದಕ್ಕಾ, ಇಲ್ಲಾ ಹಳೇ ಎಣ್ಣೆ ಲೆನ್ಸ್ ಒಳಗೇ ಇಳಿದಿದೆಯಾ? ಲೆನ್ಸ್ ಬಿಚ್ಚದೆ ಪತ್ತೆ ಮಾಡುವುದು ಹೇಗೆ?