ಕಂಪ್ಯೂಟರಾ, ಎಐ ಡೇಟಾ ಸೈನ್ಸಾ, ಸೈಬರ್ ಸೆಕ್ಯುರಿಟಿಯಾ? ಇಂಜಿನಿಯರಿಂಗ್ ಸೀಟು ಹಂಚುವ ಕ್ಯಾಪ್ ಫಾರಂ ಮುಂದೆ ತಲೆ ಕೆಟ್ಟು ಕೂತಿದ್ದೇನೆ

ಡೊಂಬಿವಲಿ_ಸ್ಲೋ_ಲೋಕಲ್:
ಎಲ್ಲರಿಗೂ ನಮಸ್ಕಾರ. ಮಹಾರಾಷ್ಟ್ರದ ಪ್ರವೇಶ ಪರೀಕ್ಷೆ ಎಮ್‌ಎಚ್‌ಟಿ ಸಿಇಟಿಯಲ್ಲಿ 91 ಪರ್ಸೆಂಟೈಲ್ ಬಂದಿದೆ. ಮುಂಬೈಯ ವಿಜೆಟಿಐ, ಪುಣೆಯ ಸಿಒಇಪಿಯಂಥ ದೊಡ್ಡ ಕಾಲೇಜಿನ ಕನಸು ಕಾಣುವ ಅಂಕ ಅಲ್ಲ, ಅದು ಗೊತ್ತು. ನವಿ ಮುಂಬೈಯ ಒಂದೇ ಕಾಲೇಜಿನಲ್ಲಿ ಕಂಪ್ಯೂಟರ್, ಐಟಿ, ಎಐ ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಅಂತ ನಾಲ್ಕು ಬ್ರಾಂಚ್ ಇದೆ, ಎರಡು ದಿನದಿಂದ ಫಾರಂನ ಆಯ್ಕೆ ಪಟ್ಟಿಯಲ್ಲಿ ಇವನ್ನೇ ಮೇಲೆ ಕೆಳಗೆ ಮಾಡುತ್ತಾ ಕೂತಿದ್ದೇನೆ. ಅಪ್ಪ ವಾಶಿಯ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುವವರು, ಡಿಗ್ರಿ ಮೇಲೆ ಕಂಪ್ಯೂಟರ್ ಅಂತ ಇದ್ದರೆ ಸಾಕು ಅನ್ನುತ್ತಾರೆ. ಬೆಂಗಳೂರಿನ ದೊಡ್ಡಮ್ಮನ ಮಗ ಫೋನ್ ಮಾಡಿದಾಗೆಲ್ಲ ಎಐ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ನನಗೇನು ಇಷ್ಟ ಅಂದರೆ, ನಿಜ ಹೇಳಬೇಕು, ಗೊತ್ತಿಲ್ಲ. ಸ್ವಲ್ಪ ಪೈಥಾನ್ ಬರುತ್ತದೆ, ಬಿಲ್ಡಿಂಗಿನವರ ವೈಫೈ ಸರಿ ಮಾಡಿಕೊಡುತ್ತೇನೆ, ಗಣಿತ ಪರವಾಗಿಲ್ಲ. ಇಷ್ಟೇ ಬಂಡವಾಳ. ತಪ್ಪು ಬ್ರಾಂಚಿಗೆ ಬಿದ್ದರೆ ನಾಲ್ಕು ವರ್ಷ ಹೋಯಿತಲ್ವಾ?

ಹಿಂಜೆವಾಡಿ_ಸಿಗ್ನಲ್_ಅಕ್ಕ:
ತಮ್ಮಾ, ಮೊದಲು ಯೂನಿವರ್ಸಿಟಿ ಸೈಟಿನಿಂದ ನಾಲ್ಕೂ ಬ್ರಾಂಚಿನ ಸಿಲಬಸ್ ಇಳಿಸಿಕೊಂಡು ಪಕ್ಕಪಕ್ಕ ಇಟ್ಟು ನೋಡು. ಮೊದಲ ವರ್ಷ ಬಹುಪಾಲು ಎಲ್ಲರಿಗೂ ಒಂದೇ, ಗಣಿತ, ಫಿಸಿಕ್ಸ್, ಮೆಕ್ಯಾನಿಕ್ಸ್, ಡ್ರಾಯಿಂಗ್. ಎರಡನೇ ವರ್ಷ ಡೇಟಾ ಸ್ಟ್ರಕ್ಚರ್, ಡೇಟಾಬೇಸ್, ಆಪರೇಟಿಂಗ್ ಸಿಸ್ಟಮ್, ಇವು ಯಾವ ಬ್ರಾಂಚಿನಲ್ಲೂ ತಪ್ಪುವುದಿಲ್ಲ. ದಾರಿ ಬೇರೆಯಾಗುವುದು ಹೆಚ್ಚಾಗಿ ಮೂರನೇ ವರ್ಷದಿಂದ. ಅಂದರೆ ನೀನು ಈಗ ಹೆದರುತ್ತಿರುವ ವಿಷಯಕ್ಕೆ ಇನ್ನೂ ಎರಡು ವರ್ಷ ಇದೆ.

ಇನ್ನೊಂದು, ಸ್ಪೆಷಲೈಸೇಶನ್ ಡಿಗ್ರಿಯಲ್ಲೇ ಆಗಬೇಕು ಅಂತೇನಿಲ್ಲ. ನಮ್ಮ ಪುಣೆಯ ಸಿ-ಡ್ಯಾಕ್, ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ, 1988ರಿಂದ ಇದೆ, ಪರಮ್ ಸೂಪರ್ ಕಂಪ್ಯೂಟರ್ ಮಾಡಿದವರು. ಡಿಗ್ರಿ ಮುಗಿಸಿ ಅವರ ಪ್ರವೇಶ ಪರೀಕ್ಷೆ ಸಿ-ಕ್ಯಾಟ್ ಬರೆದು ಪಾಸಾದರೆ ಅಲ್ಲಿ 6 ತಿಂಗಳ ಡಿಪ್ಲೊಮಾ ಸಿಗುತ್ತದೆ, ಸಾಫ್ಟ್‌ವೇರಿಗೆ ಡ್ಯಾಕ್, ಬಿಗ್ ಡೇಟಾಕ್ಕೆ ಡಿಬಿಡಿಎ, ನೆಟ್‌ವರ್ಕ್ ಮತ್ತು ಸೆಕ್ಯುರಿಟಿಗೆ ಡಿಟಿಸ್. ಬೆಳಗಿನಿಂದ ರಾತ್ರಿವರೆಗೆ ಅರೆಯುತ್ತಾರೆ, ಅದು ಬೇರೆ ಮಾತು. ನಾನು ಬಿಎಸ್ಸಿ ಕಂಪ್ಯೂಟರ್ ಸೈನ್ಸ್ ಓದುವಾಗ ಜೊತೆಗೆ ಎಲೆಕ್ಟ್ರಾನಿಕ್ಸ್ ಕೊಟ್ಟಿದ್ದರು. ಬ್ರೆಡ್‌ಬೋರ್ಡ್ ಮುಂದೆ ಕೂತು ಎಷ್ಟು ಬೈದುಕೊಂಡಿದ್ದೇನೋ. ಈಗ ಕಾರಿನೊಳಗಿನ ಸಾಫ್ಟ್‌ವೇರ್ ಟೆಸ್ಟ್ ಮಾಡುವ ಕೆಲಸ, ಅದೇ ಎಲೆಕ್ಟ್ರಾನಿಕ್ಸ್ ಅನ್ನ ಹಾಕುತ್ತಿದೆ.

ಕೋಥ್ರೂಡ್_ಕೆಟಿ_ಕಿಂಗ್:
ಅಕ್ಕ ಹೇಳಿದ್ದು ಸರಿ, ಆದರೆ ಸಿಲಬಸ್ ಹಾಳೆ ಮೇಲೆ ಎಲ್ಲಾ ಚಂದವೇ. ಕಲಿಸುವವರು ಇದ್ದಾರಾ ಅಂತ ಕೇಳು. ನಾನು ಎಐ ಡೇಟಾ ಸೈನ್ಸ್ ಮೂರನೇ ವರ್ಷ. ನಮ್ಮ ಕಾಲೇಜಿನಲ್ಲಿ ಬ್ರಾಂಚ್ ಹೊಸದು, ಒಂದು ಸೆಮಿಸ್ಟರ್ ಪೂರ್ತಿ ಮಶಿನ್ ಲರ್ನಿಂಗಿಗೆ ಸರಿಯಾದ ಮೇಡಂ ಇರಲಿಲ್ಲ, ಪಕ್ಕದ ಡಿಪಾರ್ಟ್‌ಮೆಂಟಿನ ಸರ್ ಬಂದು ಸ್ಲೈಡ್ ಓದಿ ಹೋಗುತ್ತಿದ್ದರು. ಆ ಬ್ರಾಂಚಿನಿಂದ ಎಷ್ಟು ಬ್ಯಾಚ್ ಪಾಸಾಗಿ ಹೊರಗೆ ಹೋಗಿದೆ ಅಂತ ಕಾಲೇಜಿನ ಆಫೀಸಿನಲ್ಲಲ್ಲ, ಕ್ಯಾಂಟೀನಿನಲ್ಲಿ ವಿಚಾರಿಸು.

ಎಐ ಅಂದರೆ ಚಾಟ್‌ಬಾಟ್ ಮಾಡುವುದು ಅಂದುಕೊಂಡು ಸೇರಿದೆ. ಸಿಕ್ಕಿದ್ದು ಮ್ಯಾಟ್ರಿಕ್ಸ್, ಪ್ರಾಬಬಿಲಿಟಿ, ಮತ್ತೆ ಮ್ಯಾಟ್ರಿಕ್ಸ್. ಸ್ಟಾಟಿಸ್ಟಿಕ್ಸಿನಲ್ಲಿ ಕೆಟಿ, ಅಂದರೆ ಫೇಲಾದ ಪೇಪರ್, ಇಟ್ಟುಕೊಂಡವನು ಹೇಳುತ್ತಿದ್ದೇನೆ, ಹನ್ನೆರಡನೆಯ ಪ್ರಾಬಬಿಲಿಟಿ ಚಾಪ್ಟರ್ ಖುಷಿಯಿಂದ ಮಾಡಿದ್ದರೆ ಬಾ, ಮಾರ್ಕಿಗೋಸ್ಕರ ಮಾಡಿದ್ದರೆ ಯೋಚಿಸು. ಕಂಪ್ಯೂಟರ್ ತೆಗೆದುಕೊಂಡರೂ ಎಐ ಇಲ್ಲವೇ ಸೈಬರ್‌ನಲ್ಲಿ ಆನರ್ಸ್ ಮಾಡುವ ದಾರಿ ಎಷ್ಟೋ ಕಾಲೇಜಿನಲ್ಲಿದೆ, ಜಾಸ್ತಿ ಕ್ರೆಡಿಟ್ ಓದಬೇಕು ಅಷ್ಟೇ. ಎಂಟೆಕ್‌ಗೆ ಬರೆಯುವ ಗೇಟ್ ಪರೀಕ್ಷೆಯಲ್ಲೂ 2024ರಿಂದ ಡೇಟಾ ಸೈನ್ಸ್ ಮತ್ತು ಎಐಗೆ ಬೇರೆ ಪೇಪರ್ ಇದೆ, ಕಂಪ್ಯೂಟರಿನವರೂ ಬರೆಯಬಹುದು.

ಡೊಂಬಿವಲಿ_ಸ್ಲೋ_ಲೋಕಲ್:
ಪ್ರಾಬಬಿಲಿಟಿ ಆಪ್ಷನ್‌ನಲ್ಲಿ ಬಿಟ್ಟವನು ನಾನು 😅 ಹಾಗಾದರೆ ಸೈಬರ್? ವೈಫೈ ಕೆಲಸ ಮಾತ್ರ ನನಗೆ ಯಾವತ್ತೂ ಬೇಜಾರಾಗಿಲ್ಲ.

ಐರೋಲಿ_ನೈಟ್‌ಶಿಫ್ಟ್:
ಸೈಬರ್ ಸೆಕ್ಯುರಿಟಿಯಲ್ಲಿ ಕೆಲಸ ಮಾಡುವವನು ನಾನು, ಓದಿದ್ದು ಐಟಿ. ನಮ್ಮ ಟೀಮಿಗೆ ಹೊಸಬರು ಬಂದರೆ ನಾನು ಕೇಳುವುದು ಟಿಸಿಪಿ ಹ್ಯಾಂಡ್‌ಶೇಕ್, ಡಿಎನ್‌ಎಸ್, ಲಿನಕ್ಸ್ ಪರ್ಮಿಶನ್, ಅಂದರೆ ನೆಟ್‌ವರ್ಕ್ ಮತ್ತು ಆಪರೇಟಿಂಗ್ ಸಿಸ್ಟಮ್‌ನ ಬುನಾದಿ. ಹ್ಯಾಕಿಂಗ್ ಆಮೇಲೆ. ಬಾಗಿಲು ಹೇಗೆ ಮಾಡುತ್ತಾರೆ ಅಂತ ಗೊತ್ತಿಲ್ಲದೆ ಬೀಗದ ಮಾತಾಡಲಿಕ್ಕೆ ಆಗುತ್ತದಾ? ಆದ್ದರಿಂದ ಕಂಪ್ಯೂಟರ್ ಅಥವಾ ಐಟಿ ಮೊದಲು ಹಾಕು, ಸೈಬರ್ ಅದರ ಕೆಳಗೆ.

ಕಾಲೇಜು ಶುರುವಾಗುವ ತನಕ ಸುಮ್ನೆ ಇರಬೇಡ. ಹಳೆಯ ಲ್ಯಾಪ್‌ಟಾಪ್ ಇದ್ದರೆ ಲಿನಕ್ಸ್ ಹಾಕು, ನೆಟ್‌ವರ್ಕಿನ ಡೇಟಾ ತೋರಿಸುವ ವೈರ್‌ಶಾರ್ಕ್ ಇಳಿಸಿಕೊಂಡು ನಿಮ್ಮ ಮನೆಯ ವೈಫೈಯಲ್ಲಿ ಏನೇನು ಓಡಾಡುತ್ತದೆ ನೋಡು. ನಿಮ್ಮ ಮನೆಯದ್ದು ಮಾತ್ರ, ಪಕ್ಕದ ಮನೆಯದ್ದಕ್ಕೆ ಕೈ ಹಾಕಿದರೆ ಅದು ಐಟಿ ಕಾಯ್ದೆಗೆ ಬರುತ್ತದೆ. ಹದಿನೈದು ದಿನ ಅದು, ಮತ್ತೆ ಹದಿನೈದು ದಿನ ಕ್ಯಾಗಲ್ ಅನ್ನುವ ಸೈಟಿನಿಂದ ಒಂದು ಡೇಟಾ ತೆಗೆದುಕೊಂಡು ಪೈಥಾನ್‌ನಲ್ಲಿ ಆಟ. ಎರಡೂ ಪುಕ್ಕಟೆ. ಅಮ್ಮ ಮೂರು ಸಲ ಊಟಕ್ಕೆ ಕರೆದರೂ ಏಳದೆ ಕೂತದ್ದು ಯಾವುದು ಅಂತ ಬರೆದಿಡು.

ಫಾರಂನಲ್ಲಿ ಒಂದು ಜೋಪಾನ. ಮೊದಲ ರೌಂಡಿನಲ್ಲೇ ಮೊದಲ ಆಯ್ಕೆ ಸಿಕ್ಕಿದರೆ ಸೀಟು ಆಟೋ ಫ್ರೀಜ್, ಅಂದರೆ ತಾನಾಗಿ ಖಾಯಂ. ಆಮೇಲೆ ಮನಸ್ಸು ಬದಲಾಯಿತು ಅಂದರೆ ಮುಂದಿನ ರೌಂಡಿಗೆ ಬಿಡುವುದಿಲ್ಲ. ದೊಡ್ಡಮ್ಮನ ಮಗನಿಗೆ ಬೇಜಾರಾಗುತ್ತದೆ ಅಂತ ಯಾವುದನ್ನೂ ಒಂದನೇ ನಂಬರಿಗೆ ಹಾಕಬೇಡ.

ಡೊಂಬಿವಲಿ_ಸ್ಲೋ_ಲೋಕಲ್:
ಕಂಪ್ಯೂಟರ್, ಐಟಿ, ಸೈಬರ್, ಕೊನೆಗೆ ಎಐ, ಸದ್ಯಕ್ಕೆ ಹೀಗೆ ಹಾಕಿದ್ದೇನೆ. ನಾಳೆ ಆ ಕಾಲೇಜಿನ ಕ್ಯಾಂಟೀನಿಗೆ ಹೋಗಿ ವಿಚಾರಿಸಿ ಬಂದು ಸಬ್ಮಿಟ್ ಒತ್ತುತ್ತೇನೆ. ಅಪ್ಪನೂ ಬರುತ್ತಾರಂತೆ, ಕ್ಯಾಂಟೀನ್ ಅಂದಿದ್ದಕ್ಕೆ ಅಲ್ಲಿನ ಚಹಾ ಹೇಗಿದೆ ನೋಡಬೇಕಂತೆ.